ಒಂದೇ ಮನೆ ಸಾಕೋ, ಎರಡು ಬೇಕೋ? ಬೆಂಗಳೂರಿನ ಲೆಕ್ಕ ಬಿಡ್ರಿ, ನಮ್ಮ ಮನೆ ಖಾಲಿ ಬಿದ್ದದ್ದು ನೋಡ್ರಿ

ಕುಪ್ಪೇಲೂರು: ಚಹಾದಂಗಡಿ ಬೆಂಚಿನ ಮೇಲೆ ಕೂತಾಗ ಎಂಎಲ್‌ಎ ಹೆಸರು ಹೇಳ್ರಿ ಅಂದ್ರೆ ಸಣ್ಣ ಹುಡುಗನೂ ಹೇಳ್ತಾನೆ. ಎಂಎಲ್‌ಸಿ ಯಾರು ಅಂತ ಕೇಳಿದ್ರೆ ನಾಲ್ಕು ಜನ ಒಬ್ಬರ ಮುಖ ಒಬ್ಬರು ನೋಡ್ತಾರೆ. ಐದನೆಯವರು ಕೇಳೋದು ಒಂದೇ ಪ್ರಶ್ನೆ: "ಆ ಮೇಲ್ಮನಿ ಯಾಕ ಬೇಕ್ರೀ? ಒಂದು ಮನಿ ಸಾಲಂಗಿಲ್ಲೇನು?"

ಪ್ರಶ್ನೆ ಸಣ್ಣದಲ್ಲ. ದೇಶದ ಹೆಚ್ಚಿನ ರಾಜ್ಯಗಳು ಒಂದೇ ಮನೆ ಇಟ್ಟುಕೊಂಡು ಆಡಳಿತ ನಡೆಸುತ್ತಿವೆ. ವಿಧಾನಸಭೆ ಜೊತೆಗೆ ವಿಧಾನ ಪರಿಷತ್ತೂ ಇರುವುದು ಆರೇ ರಾಜ್ಯಗಳಲ್ಲಿ: ಕರ್ನಾಟಕ, ಮಹಾರಾಷ್ಟ್ರ, ಆಂಧ್ರ, ತೆಲಂಗಾಣ, ಉತ್ತರ ಪ್ರದೇಶ, ಬಿಹಾರ. ನಮ್ಮ ರಾಜ್ಯದ ಗಡಿಗೆ ಹೊಂದಿದ ಆರು ರಾಜ್ಯಗಳನ್ನೇ ತಗೊಳ್ಳಿ. ಮಹಾರಾಷ್ಟ್ರ, ತೆಲಂಗಾಣ, ಆಂಧ್ರದಲ್ಲಿ ಎರಡು ಮನೆ. ಗೋವಾ, ಕೇರಳ, ತಮಿಳುನಾಡಿನಲ್ಲಿ ಒಂದೇ ಮನೆ. ಲೆಕ್ಕ ಮೂರಕ್ಕೆ ಮೂರು, ಸರಿಸಮ.

ನಮ್ಮ ಭಾಗದವರಿಗೆ ಒಂದೇ ಮನೆಯ ರಾಜ್ಯ ಅಂದ್ರೆ ಹೆಂಗಿರ್ತದೆ ಅನ್ನೋ ಅನುಭವ ಇಲ್ಲ. ರಾಣೇಬೆನ್ನೂರು, ಬ್ಯಾಡಗಿ, ಹಾವೇರಿ ಎಲ್ಲ ಹಿಂದೆ ಧಾರವಾಡ ಜಿಲ್ಲೆಯಲ್ಲಿ, ಮುಂಬೈ ಪ್ರಾಂತ್ಯದ ಕೆಳಗೆ ಇದ್ದವು. ಆ ಪ್ರಾಂತ್ಯಕ್ಕೆ 1937ರಿಂದಲೇ ಎರಡು ಸದನ ಇದ್ದವು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದೆವು, ಅಲ್ಲೂ ಎರಡು. ಹಿಂಗಾಗಿ ಒಂದು ಮನೆ ಹೆಂಗೆ ನಡೀತದೆ ಅಂತ ತಿಳ್ಕೊಳ್ಳಬೇಕಾದ್ರೆ ಮೊದಲು ನಮ್ಮ ಎರಡನೇ ಮನೆ ಏನು ಮಾಡ್ತದೆ ಅಂತ ನೋಡಬೇಕು.

ಎರಡನೇ ಮನೆಯಲ್ಲಿ ಯಾರಿದ್ದಾರೆ?

ವಿಧಾನಸಭೆಗೆ 224 ಜನ. ಅವರನ್ನು ನಾವೇ ನೇರವಾಗಿ ಆರಿಸ್ತೀವಿ. ವಿಧಾನ ಪರಿಷತ್ತಿಗೆ 75 ಜನ. ಅದರಲ್ಲಿ 25 ಜನರನ್ನು ಎಂಎಲ್‌ಎಗಳು ಆರಿಸ್ತಾರೆ. ಇನ್ನು 25 ಜನರನ್ನು ಪಂಚಾಯಿತಿ, ಪುರಸಭೆ, ನಗರಸಭೆ ಸದಸ್ಯರು ಆರಿಸ್ತಾರೆ. 7 ಜನ ಪದವೀಧರರಿಂದ, 7 ಜನ ಶಿಕ್ಷಕರಿಂದ ಬರ್ತಾರೆ. ಉಳಿದ 11 ಜನ ನಾಮನಿರ್ದೇಶನ.

ನಮ್ಮ ಪಾಲು ಇಷ್ಟು: ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆ ಸೇರಿದ ಧಾರವಾಡ ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ ಇಬ್ಬರು. ಈ ಮೂರು ಜಿಲ್ಲೆಗೆ ಉತ್ತರ ಕನ್ನಡ ಸೇರಿಸಿದ ಪಶ್ಚಿಮ ಪದವೀಧರ ಕ್ಷೇತ್ರದಿಂದ ಒಬ್ಬರು, ಪಶ್ಚಿಮ ಶಿಕ್ಷಕರ ಕ್ಷೇತ್ರದಿಂದ ಒಬ್ಬರು. ಸಭಾಪತಿಯಾಗಿದ್ದ ಬಸವರಾಜ ಹೊರಟ್ಟಿಯವರು 1980ರಿಂದ ಗೆಲ್ಲುತ್ತ ಬಂದದ್ದು ಇದೇ ಪಶ್ಚಿಮ ಶಿಕ್ಷಕರ ಕ್ಷೇತ್ರದಿಂದ. ಇತ್ತ ಕೆಳಮನೆಯ ಸ್ಪೀಕರ್ ಕುರ್ಚಿಗೂ ರಾಣೇಬೆನ್ನೂರಿನ ನಂಟು ಐತಿ. ಕೆ.ಬಿ. ಕೋಳಿವಾಡರು 2016ರಿಂದ 2018ರವರೆಗೆ ಆ ಕುರ್ಚಿಯಲ್ಲಿದ್ದರು.

ತಡೆಯಬಹುದು, ಕೊಲ್ಲುವಂಗಿಲ್ಲ

ಜನ ತಪ್ಪು ತಿಳಿಯೋದು ಇಲ್ಲೇ. ಪರಿಷತ್ತು ಬೇಡ ಅಂದ್ರೆ ಮಸೂದೆ ಸತ್ತುಹೋಗ್ತದೆ ಅಂತ ತಿಳೀತಾರೆ. ಹಂಗಿಲ್ಲ. ಸಂವಿಧಾನದ 197ನೇ ವಿಧಿ ಪ್ರಕಾರ ವಿಧಾನಸಭೆ ಪಾಸ್ ಮಾಡಿದ ಮಸೂದೆಯನ್ನು ಪರಿಷತ್ತು ಮೂರು ತಿಂಗಳು ಇಟ್ಟುಕೊಳ್ಳಬಹುದು, ತಿರಸ್ಕರಿಸಬಹುದು, ತಿದ್ದುಪಡಿ ಹೇಳಬಹುದು. ವಿಧಾನಸಭೆ ಅದನ್ನು ಮತ್ತೆ ಪಾಸ್ ಮಾಡಿ ಕಳಿಸಿದರೆ ಪರಿಷತ್ತಿಗೆ ಸಿಗೋದು ಇನ್ನೊಂದೇ ತಿಂಗಳು. ಆಮೇಲೆ ಪರಿಷತ್ತು ಒಪ್ಪಲಿ ಬಿಡಲಿ, ಎರಡೂ ಸದನ ಪಾಸ್ ಮಾಡಿದಂಗೇ ಲೆಕ್ಕ. ಬಜೆಟ್ಟಿನಂಥ ಹಣಕಾಸಿನ ಮಸೂದೆ ಆದ್ರೆ ಬರೀ 14 ದಿನ. ದಿಲ್ಲಿಯಲ್ಲಿ ಲೋಕಸಭೆ, ರಾಜ್ಯಸಭೆ ಜಗಳಾಡಿದ್ರೆ ಜಂಟಿ ಅಧಿವೇಶನ ಕರೀತಾರಲ್ಲ, ಅಂಥದ್ದು ರಾಜ್ಯಗಳಲ್ಲಿ ಇಲ್ಲ. ಕೊನೆಗೆ ಗೆಲ್ಲೋದು ಕೆಳಮನೆಯೇ.

ಅಂದ್ರೆ ನಮ್ಮ ಮೇಲ್ಮನೆಯ ನಿಜವಾದ ಶಕ್ತಿ ಅಂದ್ರೆ ಟೈಮ್. ಅವಸರದಲ್ಲಿ ಹೊರಟ ಗಾಡಿಗೆ ಸ್ವಲ್ಪ ಬ್ರೇಕ್.

ಆ ಬ್ರೇಕ್ ಕೆಲಸ ಮಾಡಿದ್ದೂ ಉಂಟು. ಬ್ಯಾಡಗಿ, ರಾಣೇಬೆನ್ನೂರು ಮಾರುಕಟ್ಟೆಯವರಿಗೆ ಎಪಿಎಂಸಿ ಕಾಯ್ದೆ ಗೊತ್ತಿದ್ದದ್ದೇ. 2020ರಲ್ಲಿ ಮಾರುಕಟ್ಟೆ ಪ್ರಾಂಗಣದ ಹೊರಗೂ ವ್ಯಾಪಾರಕ್ಕೆ ದಾರಿ ಮಾಡಿದ ತಿದ್ದುಪಡಿ ಮೊದಲು ಸುಗ್ರೀವಾಜ್ಞೆಯಾಗಿಯೇ ಬಂತು. ಸರ್ಕಾರ ಬದಲಾದ ಮೇಲೆ 2023ರ ಜುಲೈನಲ್ಲಿ ಅದನ್ನು ಹಿಂದಕ್ಕೆ ತಗೊಳ್ಳುವ ಮಸೂದೆ ವಿಧಾನಸಭೆಯಲ್ಲಿ ಪಾಸ್ ಆಯ್ತು. ಪರಿಷತ್ತಿನಲ್ಲಿ ಆಡಳಿತ ಪಕ್ಷಕ್ಕೆ ಬಹುಮತ ಇರಲಿಲ್ಲ. ಮಸೂದೆ ನೇರ ಪಾಸ್ ಆಗದೆ, ಸೆಲೆಕ್ಟ್ ಕಮಿಟಿ ಅಂತಾರಲ್ಲ, ಆ ಪರಿಶೀಲನಾ ಸಮಿತಿಗೆ ಹೋಯ್ತು. ಕಾಯ್ದೆ ಒಳ್ಳೇದೋ ಕೆಟ್ಟದ್ದೋ ಅನ್ನೋದು ಬೇರೆ ಮಾತು. ರೈತರು, ಹಮಾಲರು, ದಲ್ಲಾಳಿ ಅಂಗಡಿಯವರು ಮಾತಾಡಲಿಕ್ಕೆ ಒಂದು ಬಾಗಿಲು ತೆರೀತು ಅನ್ನೋದು ಮುಖ್ಯ.

ಬ್ರೇಕ್ ಬರೀ ತೋರಿಕೆಗೆ ಅನ್ನಿಸಿದ್ದೂ ಉಂಟು. 2024ರ ಫೆಬ್ರುವರಿ 23ರಂದು ಹೆಚ್ಚು ಆದಾಯದ ದೇವಸ್ಥಾನಗಳಿಂದ ಸಾಮಾನ್ಯ ನಿಧಿಗೆ ಹಣ ಪಡೆಯುವ ಧಾರ್ಮಿಕ ದತ್ತಿ ತಿದ್ದುಪಡಿ ಮಸೂದೆಗೆ ಪರಿಷತ್ತಿನಲ್ಲಿ ಸೋಲಾಯ್ತು. ಅದೇ ತಿಂಗಳು ವಿಧಾನಸಭೆ ಮತ್ತೆ ಪಾಸ್ ಮಾಡಿತು. ಅದಕ್ಕೂ ಮೊದಲು, ಇನ್ನೊಂದು ಪಕ್ಷದ ಸರ್ಕಾರ ಇದ್ದಾಗ, 2020ರ ಡಿಸೆಂಬರ್‌ನಲ್ಲಿ ಗೋಹತ್ಯೆ ನಿಷೇಧ ಮಸೂದೆ ವಿಧಾನಸಭೆಯಲ್ಲಿ ಪಾಸ್ ಆಗಿ ಪರಿಷತ್ತಿನಲ್ಲಿ ನಿಂತುಬಿಟ್ಟಿತು. ಸರ್ಕಾರ ಸುಗ್ರೀವಾಜ್ಞೆ ತಂದಿತು. 2021ರ ಫೆಬ್ರುವರಿಯಲ್ಲಿ ಗದ್ದಲದ ನಡುವೆ ಧ್ವನಿಮತದಿಂದ ಪರಿಷತ್ತಿನಲ್ಲೂ ಪಾಸ್ ಆಯ್ತು. ಅದೇ 2020ರ ಡಿಸೆಂಬರ್ 15ರಂದು ಉಪಸಭಾಪತಿಯನ್ನು ಕುರ್ಚಿಯಿಂದ ಎಳೆದ ದೃಶ್ಯವನ್ನು ಇಡೀ ರಾಜ್ಯ ಟೀವಿಯಲ್ಲಿ ನೋಡಿತು. ಹಿರಿಯರ ಮನೆ ಅಂತ ಹೆಸರು. ಆ ದಿನ ಹಿರಿತನ ಕಾಣಲಿಲ್ಲ.

ರಾಣೇಬೆನ್ನೂರಿನ ಪಾಠ

ಎರಡನೇ ಮನೆಯ ಇನ್ನೊಂದು ಉಪಯೋಗ ನಮ್ಮ ತಾಲ್ಲೂಕಿನವರಿಗೆ ಹತ್ತಿರದಿಂದ ಗೊತ್ತು. 2018ರಲ್ಲಿ ರಾಣೇಬೆನ್ನೂರಿನಿಂದ ಕೆಪಿಜೆಪಿ ಅಭ್ಯರ್ಥಿಯಾಗಿ ಆರ್. ಶಂಕರ್ ಗೆದ್ದರು. 2019ರ ಜುಲೈನಲ್ಲಿ ಸ್ಪೀಕರ್ ಅವರನ್ನು ಅನರ್ಹಗೊಳಿಸಿದರು. ಆ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅನರ್ಹತೆ ಎತ್ತಿಹಿಡಿದು, ಚುನಾವಣೆಗೆ ನಿಲ್ಲಲು ಅಡ್ಡಿ ಇಲ್ಲ ಅಂದಿತು. ಡಿಸೆಂಬರ್ ಉಪಚುನಾವಣೆಯಲ್ಲಿ ಬಿಜೆಪಿಯ ಅರುಣಕುಮಾರ ಪೂಜಾರ ಗೆದ್ದರು. 2020ರ ಜೂನ್‌ನಲ್ಲಿ ಶಂಕರ್ ವಿಧಾನ ಪರಿಷತ್ತಿಗೆ ಆಯ್ಕೆಯಾದರು, 2021ರ ಜನವರಿಯಲ್ಲಿ ಮಂತ್ರಿಯಾದರು.

ಇದರಲ್ಲಿ ಕಾನೂನು ಮುರಿದದ್ದು ಏನೂ ಇಲ್ಲ. ಆದರೆ ಇದೇ ಘಟನೆ ಕೇರಳದಲ್ಲೋ ಗೋವಾದಲ್ಲೋ ಆಗಿದ್ದರೆ? ಸದಸ್ಯರಲ್ಲದವರು ಮಂತ್ರಿಯಾದರೆ ಆರು ತಿಂಗಳ ಒಳಗೆ ಸದಸ್ಯರಾಗಲೇಬೇಕು. ಒಂದೇ ಮನೆ ಇದ್ದಲ್ಲಿ ಅದಕ್ಕೆ ಜನರ ಮುಂದೆ ಹೋಗಿ ವೋಟು ಕೇಳುವುದೊಂದೇ ದಾರಿ. ಎರಡು ಮನೆ ಇದ್ದಲ್ಲಿ ಇನ್ನೊಂದು ಬಾಗಿಲು ಐತಿ. ವಿದ್ವಾಂಸರು, ಕಲಾವಿದರು, ಸಹಕಾರಿಗಳು ಒಳಗೆ ಬರಲಿ ಅಂತ ಮಾಡಿದ ಬಾಗಿಲು ಅದು. ಸೋತವರು, ಟಿಕೆಟ್ ಸಿಗದವರು, ಸಮಾಧಾನ ಮಾಡಬೇಕಾದವರು ಕೂಡ ಅದರಲ್ಲೇ ಬರ್ತಾರೆ. ಎಲ್ಲ ಪಕ್ಷಗಳೂ ಅದನ್ನು ಬಳಸಿವೆ.

ಮುಚ್ಚಿದರು, ತೆರೆದರು, ಮತ್ತೆ ಮುಚ್ಚಹೋದರು

ಮೇಲ್ಮನೆ ಬೇಡ ಅಂದ್ರೆ ಮುಚ್ಚಬಹುದು. ವಿಧಾನಸಭೆ ವಿಶೇಷ ಬಹುಮತದಿಂದ ನಿರ್ಣಯ ಮಾಡಬೇಕು, ಆಮೇಲೆ ಸಂಸತ್ತು ಕಾಯ್ದೆ ಮಾಡಬೇಕು. ಸಂವಿಧಾನದ 169ನೇ ವಿಧಿ ಇದನ್ನು ಹೇಳ್ತದೆ. ಪಶ್ಚಿಮ ಬಂಗಾಳ 1969ರಲ್ಲಿ, ತಮಿಳುನಾಡು 1986ರಲ್ಲಿ ಮುಚ್ಚಿದವು. ತಮಿಳುನಾಡಿನಲ್ಲಿ 2010ರಲ್ಲಿ ಡಿಎಂಕೆ ಸರ್ಕಾರ ಮತ್ತೆ ತರಲು ಹೊರಟಿತು, ಸಂಸತ್ತೂ ಕಾಯ್ದೆ ಮಾಡಿತು. 2011ರಲ್ಲಿ ಅಧಿಕಾರ ಎಐಎಡಿಎಂಕೆ ಕೈಗೆ ಹೋಯ್ತು, ಬೇಡ ಅಂತ ನಿರ್ಣಯ ಆಯ್ತು.

ಆಂಧ್ರದ ಕಥೆ ಇನ್ನೂ ಮಜಾ ಐತಿ. 1985ರಲ್ಲಿ ಎನ್.ಟಿ. ರಾಮರಾವ್ ಕಾಲದಲ್ಲಿ ಪರಿಷತ್ತು ಹೋಯ್ತು, 2007ರಲ್ಲಿ ವಾಪಸ್ ಬಂತು. 2020ರ ಜನವರಿಯಲ್ಲಿ ಮೂರು ರಾಜಧಾನಿ ಮಸೂದೆಗೆ ಪರಿಷತ್ತು ತಡೆ ಹಾಕಿತು. ಕೆಲವೇ ದಿನಗಳಲ್ಲಿ, ಜನವರಿ 27ಕ್ಕೆ, ಪರಿಷತ್ತೇ ಬೇಡ ಅಂತ ವಿಧಾನಸಭೆ ನಿರ್ಣಯ ಮಾಡಿತು. 2021ರ ನವೆಂಬರ್‌ನಲ್ಲಿ ಆ ನಿರ್ಣಯವನ್ನು ಅದೇ ವಿಧಾನಸಭೆ ಹಿಂದಕ್ಕೆ ತಗೊಂಡಿತು.

ಇಲ್ಲಿ ತಿಳಿಯೋದೇನು? ತಮ್ಮ ದಾರಿಗೆ ಅಡ್ಡ ಬಂದಾಗ ಬೇಡ, ಅನುಕೂಲ ಆದಾಗ ಬೇಕು. ಮೇಲ್ಮನೆ ಬೇಕೋ ಬೇಡವೋ ಅನ್ನೋ ವಾದ ಹೆಚ್ಚಿನ ಸಲ ತತ್ವದ ಮೇಲೆ ನಡೆದಿಲ್ಲ.

ಒಂದೇ ಮನೆ ಚಲೋ ನಡೆಯೋದು ಹೆಂಗೆ?

ಒಂದೇ ಮನೆ ಇದ್ದಲ್ಲಿ ಕೆಲಸ ಬೇಗ ಆಗ್ತದೆ. ತಪ್ಪಾದ್ರೆ ಯಾರು ಮಾಡಿದ್ರು ಅಂತ ಕೇಳಲಿಕ್ಕೂ ಸುಲಭ. ಕೆಳಮನೆಯವರು ಮೇಲ್ಮನೆ ಕಡೆ ಬೆರಳು ತೋರಿಸೋ ಹಂಗಿಲ್ಲ. ಆದ್ರೆ ಬಹುಮತ ಇದ್ದವರು ಬೆಳಗ್ಗೆ ಮಂಡಿಸಿ ಸಂಜೆ ಪಾಸ್ ಮಾಡಬಹುದು. ಸದನ ನಡೆಯಲಿಕ್ಕೆ ಬೇಕಾದ ಕೋರಂ ಅಂದ್ರೆ ಒಟ್ಟು ಸದಸ್ಯರಲ್ಲಿ ಹತ್ತನೇ ಒಂದು ಭಾಗ. ನಮ್ಮ 224 ಜನರ ವಿಧಾನಸಭೆಗೆ 23 ಜನ ಇದ್ರೆ ಸಾಕು. ಹಿಂಗಾಗಿ ಎರಡನೇ ಮನೆ ಇಲ್ಲದಲ್ಲಿ ಎರಡನೇ ನೋಟಕ್ಕೆ ಬೇರೆ ವ್ಯವಸ್ಥೆ ಬೇಕೇ ಬೇಕು.

ಕೇರಳ ಇದಕ್ಕೊಂದು ದಾರಿ ಮಾಡಿಕೊಂಡಿದೆ. ಅಲ್ಲಿ 140 ಜನರ ಒಂದೇ ಸದನ. 1980ರಿಂದ ಇಲಾಖೆವಾರು ವಿಷಯ ಸಮಿತಿಗಳು ಇವೆ. ಆಡಳಿತ ಪಕ್ಷ, ವಿರೋಧ ಪಕ್ಷ ಎರಡೂ ಕಡೆಯ ಶಾಸಕರು ಸಮಿತಿಯಲ್ಲಿ ಕೂತು ಮಸೂದೆಯ ಒಂದೊಂದು ಕಲಮು ನೋಡ್ತಾರೆ. ಬಜೆಟ್ಟಿನಲ್ಲಿ ಇಲಾಖೆಗಳು ಕೇಳುವ ಹಣವೂ ಅಲ್ಲಿಗೆ ಹೋಗ್ತದೆ. ಅಂದ್ರೆ ಎರಡನೇ ಮನೆ ಕಟ್ಟದೆ, ಇದ್ದ ಮನೆಯೊಳಗೇ ಇನ್ನೊಂದು ಕೋಣೆ ಹಾಕಿಕೊಂಡಂಗೆ.

ಹಂಗಂತ ಅಲ್ಲಿ ಎಲ್ಲ ಸರಿ ಐತಿ ಅಂತಲ್ಲ. 2017ರಲ್ಲಿ ಶಾಲೆಗಳಲ್ಲಿ ಮಲಯಾಳಂ ಕಡ್ಡಾಯ ಮಾಡುವ ಕಾನೂನು ಬಂದಾಗ ಕಾಸರಗೋಡಿನ ಕನ್ನಡಿಗರು ಬೀದಿಗೆ ಇಳಿಯಬೇಕಾಯ್ತು. ಸಂಖ್ಯೆ ಕಡಿಮೆ ಇರುವವರ ಮಾತು ಒಂದೇ ಮನೆಯಲ್ಲಿ ಮುಳುಗಿಹೋಗುವ ಭಯ ಇದ್ದೇ ಇರ್ತದೆ. ಆದ್ರೆ ನಮ್ಮ ಪರಿಷತ್ತಿನಲ್ಲೂ ಭಾಷಾ ಅಲ್ಪಸಂಖ್ಯಾತರಿಗೆ ಅಂತ ಬೇರೆ ಸೀಟು ಇಲ್ಲ.

ಹೊರದೇಶದ ಎರಡು ಉದಾಹರಣೆ. ನ್ಯೂಜಿಲೆಂಡ್ 1950ರಲ್ಲಿ ಮೇಲ್ಮನೆ ತೆಗೆದುಹಾಕಿತು. ಈಗ ಅಲ್ಲಿ ಹೆಚ್ಚಿನ ಮಸೂದೆಗಳು ಸಮಿತಿಗೆ ಹೋಗ್ತವೆ, ಸಾಮಾನ್ಯ ಜನ ಅರ್ಜಿ ಬರೆದು ತಮ್ಮ ಅಭಿಪ್ರಾಯ ಹೇಳಬಹುದು. ಅಮೆರಿಕದ 50 ರಾಜ್ಯಗಳಲ್ಲಿ ಒಂದೇ ಸದನ ಇರುವುದು ನೆಬ್ರಾಸ್ಕಾ ಒಂದರಲ್ಲೇ. ಅದೂ ಕೃಷಿ ಪ್ರಧಾನ ರಾಜ್ಯ. 1937ರಿಂದ ಒಂದೇ ಮನೆ ನಡೆಸುತ್ತಿದೆ, ಈಗ ಅದರಲ್ಲಿ 49 ಸದಸ್ಯರಿದ್ದಾರೆ. ಅಲ್ಲಿ ಮಂಡನೆಯಾದ ಪ್ರತಿ ಮಸೂದೆಗೂ ಜನರ ಮುಂದೆ ಬಹಿರಂಗ ವಿಚಾರಣೆ ಆಗಬೇಕು ಅನ್ನೋ ಪದ್ಧತಿ ಇದೆ.

ಚಲೋ ನಡೆಯೋ ಒಂದು ಮನೆಗಳಲ್ಲಿ ಒಂದು ಸಾಮ್ಯ ಕಾಣ್ತದೆ. ಮೇಲಿನ ಕಾವಲು ತೆಗೆದಾಗ ಅವರು ಕೆಳಗಿನ ಕಾವಲು ಗಟ್ಟಿ ಮಾಡ್ಯಾರ. ಮೇಲ್ಮನೆ ಜಾಗದಲ್ಲಿ ಜನರನ್ನೇ ಕೂಡಿಸ್ಯಾರ.

ನಮ್ಮೂರಾಗ ಇರೋದೂ ಒಂದೇ ಮನೆ

ಈಗ ಕುಪ್ಪೇಲೂರಿಗೆ ವಾಪಸ್ ಬರೋಣ. ನಮ್ಮ ಗ್ರಾಮ ಪಂಚಾಯಿತಿ ಅಂದ್ರೆ ಏನು? ಸುಮಾರು 400 ಜನರಿಗೆ ಒಬ್ಬ ಸದಸ್ಯ, ಎಲ್ಲರೂ ಕೂಡುವ ಒಂದೇ ಸದನ. ಮೇಲ್ಮನೆ ಇಲ್ಲ. ರಾಣೇಬೆನ್ನೂರು ನಗರಸಭೆ, ತಾಲ್ಲೂಕು ಪಂಚಾಯಿತಿ, ಹಾವೇರಿ ಜಿಲ್ಲಾ ಪಂಚಾಯಿತಿ, ಎಲ್ಲವೂ ಒಂದೇ ಮನೆ. ಮನೆ ತೆರಿಗೆ, ಅಂಗಡಿ ಲೈಸೆನ್ಸು, ನೀರಿನ ಕರ, ಗಟಾರು, ಬೀದಿ ದೀಪ, ಮನೆ ಹಂಚಿಕೆ ಪಟ್ಟಿ. ದಿನಾ ನಮಗೆ ತಟ್ಟೋ ತೀರ್ಮಾನಗಳಲ್ಲಿ ಮುಕ್ಕಾಲು ಪಾಲು ಇಲ್ಲೇ ಆಗೋದು.

ಹಂಗಾದ್ರೆ ಇಲ್ಲಿ ಎರಡನೇ ನೋಟ ಯಾರದು? 1993ರ ಪಂಚಾಯತ್ ರಾಜ್ ಕಾಯ್ದೆ ಅದನ್ನು ಗ್ರಾಮಸಭೆಗೆ ಕೊಟ್ಟಿದೆ. ಆರು ತಿಂಗಳಿಗೊಮ್ಮೆಯಾದರೂ ಕರೆಯಬೇಕು. ಮತದಾರರ ಪಟ್ಟಿಯಲ್ಲಿ ಹೆಸರಿದ್ದ ಪ್ರತಿಯೊಬ್ಬರೂ ಅದರ ಸದಸ್ಯರು. ಫಲಾನುಭವಿಗಳ ಪಟ್ಟಿ, ಕಾಮಗಾರಿ ಪಟ್ಟಿ, ಖರ್ಚಿನ ಲೆಕ್ಕ ಅಲ್ಲಿ ಬರಬೇಕು. ಅಂದ್ರೆ ನಮ್ಮೂರಿನ ಮೇಲ್ಮನೆ ನಾವೇ. ಆದ್ರೆ ಎಷ್ಟೋ ಊರಾಗ ಗ್ರಾಮಸಭೆ ಅಂದ್ರೆ ಒಂದು ಮೈಕು, ಹತ್ತು ಕುರ್ಚಿ, ಆಮೇಲೆ ಮನಿ ಮನಿಗೆ ಹೋಗಿ ಸಹಿ. ಅಂಗಡಿಕಾರರು ವ್ಯಾಪಾರ ಬಿಟ್ಟು ಬರಂಗಿಲ್ಲ, ಹೊಲದವರು ಕೆಲಸ ಬಿಟ್ಟು ಬರಂಗಿಲ್ಲ. ಆಮೇಲೆ ಪಟ್ಟಿ ನೋಡಿ "ನಮ್ಮ ಹೆಸರ ಯಾಕ ಬಿಟ್ರಿ" ಅಂತ ಜಗಳ. ಎರಡನೇ ನೋಟ ನೋಡಬೇಕಾದವರು ಆ ದಿನ ಅಲ್ಲಿ ಇರಲಿಲ್ಲ.

ಇದಕ್ಕಿಂತ ದೊಡ್ಡ ಸಂಗತಿ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳದ್ದು. ಅವುಗಳಿಗೆ ಚುನಾವಣೆ ಆದದ್ದು 2016ರ ಫೆಬ್ರುವರಿಯಲ್ಲಿ. 2021ರಲ್ಲಿ ಐದು ವರ್ಷದ ಅವಧಿ ಮುಗಿಯಿತು. ಆಮೇಲೆ ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು ಅಂತ ವರ್ಷ ವರ್ಷ ಮುಂದಕ್ಕೆ ಹೋಯ್ತು. ಸದಸ್ಯರ ಜಾಗದಲ್ಲಿ ಆಡಳಿತಾಧಿಕಾರಿ ಬಂದರು. ಅವಧಿ ಐದು ವರ್ಷ, ಅದಕ್ಕಿಂತ ಹೆಚ್ಚಿಲ್ಲ, ಮುಗಿಯುವ ಮೊದಲೇ ಚುನಾವಣೆ ಆಗಬೇಕು ಅಂತ ಸಂವಿಧಾನದ 243ಇ ವಿಧಿ ಸ್ಪಷ್ಟವಾಗಿ ಹೇಳ್ತದೆ. ಈ ವಿಳಂಬ ಒಂದೇ ಪಕ್ಷದ ಕಾಲದ್ದಲ್ಲ, ಬಿಜೆಪಿ ಸರ್ಕಾರದಲ್ಲಿ ಶುರುವಾಗಿ ಕಾಂಗ್ರೆಸ್ ಸರ್ಕಾರದಲ್ಲೂ ಮುಂದುವರಿಯಿತು.

ಇದರ ಬಿಸಿ ಮೇಲ್ಮನೆಗೂ ತಟ್ಟಿತು. 2021ರ ಡಿಸೆಂಬರ್‌ನಲ್ಲಿ ಸ್ಥಳೀಯ ಸಂಸ್ಥೆಗಳಿಂದ ಪರಿಷತ್ತಿಗೆ 25 ಜನರನ್ನು ಆರಿಸುವಾಗ ವೋಟು ಹಾಕಲಿಕ್ಕೆ ಜಿಲ್ಲಾ, ತಾಲ್ಲೂಕು ಪಂಚಾಯಿತಿ ಸದಸ್ಯರೇ ಇರಲಿಲ್ಲ. ಕೆಳಗಿನ ಮನೆ ಖಾಲಿ ಇಟ್ಟು ಮೇಲಿನ ಮನೆ ತುಂಬಿಕೊಂಡರು.

ಬೆಂಗಳೂರಿನಲ್ಲಿ ಎರಡು ಮನೆ ಇದ್ದವಲ್ಲ, 224 ಮತ್ತು 75, ಒಟ್ಟು 299 ಜನ. ಊರಿಗೆ ರಸ್ತೆ ಯಾವುದು, ಶಾಲೆ ಕೋಣೆ ಎಲ್ಲಿ, ಕುಡಿಯೋ ನೀರಿನ ದುಡ್ಡು ಎಲ್ಲಿಗೆ ಅಂತ ತೀರ್ಮಾನಿಸೋ ನಮ್ಮ ಮನೆ ಖಾಲಿ ಬಿದ್ದಾಗ ಆ ಎರಡರಲ್ಲಿ ಯಾವುದೂ ತಡೀಲಿಲ್ಲ. ಹಂಗಾಗಿ ಮನೆಗಳನ್ನು ಎಣಿಸೋದರಿಂದ ಉಪಯೋಗ ಇಲ್ಲ. ಒಬ್ಬರು ಮಾಡಿದ ತೀರ್ಮಾನವನ್ನು ಇನ್ನೊಬ್ಬರು ಬಹಿರಂಗವಾಗಿ ನೋಡಿ ಪ್ರಶ್ನೆ ಕೇಳ್ತಾರೋ ಇಲ್ಲೋ, ಅದನ್ನು ನೋಡಬೇಕು. ಕೇಳುವವರು ಇದ್ರೆ ಒಂದು ಮನೆ ಸಾಕು. ಇಲ್ಲಾಂದ್ರೆ ನಾಲ್ಕು ಮನೆ ಕಟ್ಟಿದರೂ ಅಷ್ಟೇ. ಆಡಳಿತಾಧಿಕಾರಿ ಒಳ್ಳೆಯವರೇ ಇರಬಹುದು, ಆದ್ರೆ ಅವರನ್ನು ಸಭೆಯಲ್ಲಿ ನಿಲ್ಲಿಸಿ ಕೇಳಲಿಕ್ಕೆ ನಾವು ಆರಿಸಿದವರು ಇರಂಗಿಲ್ಲ.

ನಾವು ಮಾಡಬಹುದಾದದ್ದು

2020ರ ಡಿಸೆಂಬರ್‌ನಲ್ಲಿ ಆರಿಸಿಬಂದ ಗ್ರಾಮ ಪಂಚಾಯಿತಿಗಳಿಗೂ ಐದೇ ವರ್ಷದ ಅವಧಿ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗೆ ಬಂದ ಗತಿ ಊರ ಪಂಚಾಯಿತಿಗೂ ಬರಬಾರದು ಅಂದ್ರೆ ಕೇಳಬೇಕಾದವರು ನಾವು.

ಒಂದು, ಚುನಾವಣೆ ಯಾವಾಗ ಅಂತ ಎಂಎಲ್‌ಎ, ಎಂಎಲ್‌ಸಿ ಇಬ್ಬರನ್ನೂ ಕೇಳ್ರಿ. ಕಾರ್ಯಕ್ರಮಕ್ಕೆ ಹಾರ ಹಾಕಲಿಕ್ಕೆ ಕರೆದಾಗಲೇ ಕೇಳ್ರಿ. ಎರಡು, ಪದವಿ ಮುಗಿಸಿ ಮೂರು ವರ್ಷ ಆದವರು ಪದವೀಧರ ಕ್ಷೇತ್ರಕ್ಕೆ ನಮೂನೆ 18ರಲ್ಲಿ ಅರ್ಜಿ ಕೊಟ್ಟು ಹೆಸರು ಸೇರಿಸ್ರಿ. ವಿಧಾನಸಭೆ ಪಟ್ಟಿಯಲ್ಲಿ ಹೆಸರು ಇದ್ರೆ ಇಲ್ಲಿ ತಾನಾಗಿ ಬರಂಗಿಲ್ಲ. ಇರೋ ಮೇಲ್ಮನೆಯನ್ನು ಬೈಯುವ ಮೊದಲು ಅದಕ್ಕೆ ವೋಟು ಹಾಕೋ ಹಕ್ಕನ್ನಾದರೂ ಬಳಸೋಣ. ಮೂರು, ಗ್ರಾಮಸಭೆ ಡಂಗುರ ಕೇಳಿಸಿದ ದಿನ ಅರ್ಧ ತಾಸು ಅಂಗಡಿ ಶಟರ್ ಇಳಿಸಿ ಹೋಗ್ರಿ. ಪಟ್ಟಿ ಗಟ್ಟಿಯಾಗಿ ಓದಿಸ್ರಿ, ಖರ್ಚಿನ ಲೆಕ್ಕ ಕೇಳ್ರಿ, ನಿಮ್ಮ ಪ್ರಶ್ನೆ ನಡಾವಳಿ ಪುಸ್ತಕದಲ್ಲಿ ಬರೆದ ಮೇಲೇ ಸಹಿ ಮಾಡ್ರಿ.

ಬೆಂಗಳೂರಿನ ಮೇಲ್ಮನೆ ಇರಬೇಕೋ ಹೋಗಬೇಕೋ ಅನ್ನೋದು ಅಲ್ಲಿಯವರ ಕೈಯಲ್ಲಿ ಐತಿ. ಊರಿನ ಮೇಲ್ಮನೆ ಕೂಡಬೇಕೋ ಬೇಡವೋ ಅನ್ನೋದು ನಮ್ಮ ಕೈಯಲ್ಲಿ.